ಸ್ವಲ್ಪ ಅಂದರೆ ಎಷ್ಟು

ಸುರಪುರ
೧೦ ಜುಲೈ ೨೦೨೪

ಶಾಂಭವಿಗೆ,

ದೂರಿನ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ನೀನು ಕೇಳಿ ಹನ್ನೆರಡು ದಿನವಾಯಿತು. ಶಹಾಪುರದ ಡಾಕ್ಟರು ಸಂಘಮಿತ್ರಾ ಸುಳ್ಳು ಭರವಸೆ ಕೊಟ್ಟರು, ಅದನ್ನು ನಂಬಿ ನೀನು ನಾರಾಯಣಪುರದಲ್ಲೇ ಉಳಿದೆ, ಸಾಯುವ ಮುಂಚೆ ನಿನ್ನ ಅವ್ವ ಹಂಪಮ್ಮನವರ ಮುಖ ನೋಡಲಾಗಲಿಲ್ಲ. ಇಷ್ಟು ಬರೆಯಬೇಕು. ಬರುವ ಸೋಮವಾರ ನಿನ್ನ ತಮ್ಮ ಮಹೇಶಕುಮಾರ ಅದನ್ನು ಯಾದಗಿರಿಯ ಜಿಲ್ಲಾ ಕಚೇರಿಗೆ ಒಯ್ಯುತ್ತಾನಂತೆ. “ಮಾವಾರ, ಎ ಲಿಟಲ್ ಚಾನ್ಸ್ ಅಂತ ಚೀಟ್ಯಾಗ ಆಕಿನೇ ಬರದಾಳ. ಜೆರಾಕ್ಸ್ ಅದ ನನ್ನ ಕಡಿ. ಆಕಿ ನೌಕರಿ ಉಳ್ಯಾಂಗಿಲ್ಲ” ಎಂದ ಫೋನಿನಲ್ಲಿ.

ಅರ್ಜಿಯ ಬದಲು ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಒಂಬತ್ತನೇ ತರಗತಿಗೆ ‘ಲಿಟಲ್’, ‘ಎ ಲಿಟಲ್’ ಪಾಠ. ಇಪ್ಪತ್ತೆರಡು ವರ್ಷದಿಂದ ನನ್ನದು ಒಂದೇ ಉದಾಹರಣೆ. ಕೊಡದಲ್ಲಿ ‘ಎ ಲಿಟಲ್’ ನೀರಿದೆ ಎಂದರೆ ಕುಡಿಯಲು ಉಂಟು. ‘ಲಿಟಲ್’ ನೀರಿದೆ ಎಂದರೆ ಇಲ್ಲವೆಂದೇ ತಿಳಿಯಿರಿ. ನೀರು ಎರಡರಲ್ಲೂ ಅಷ್ಟೇ ಇರುತ್ತದೆ. ನುಜ್ಹತ ಎಂಬ ಹುಡುಗಿ ಎದ್ದಳು. “ಸರ್, ನಾವು ಎರಡಕ್ಕೂ ಸ್ವಲ್ಪ ಅಂತೀವಲ್ರಿ. ಹಂಗಾದ್ರ ಫರಕ್ ಹೆಂಗ ತಿಳೀತದ್ರಿ?”

“ಮಾರಿ ನೋಡಿದ್ರ ತಿಳೀತದ, ಕುಂದ್ರ,” ಎಂದಳು ಹಿಂದಿನ ಬೆಂಚಿನವಳು. ತರಗತಿ ನಕ್ಕಿತು.

ಫೋನಿನಲ್ಲಿ ಮುಖ ಕಾಣುವುದಿಲ್ಲ.

ಆ ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಬಾಯಲ್ಲೂ ಹೇಳಿದರು: “ಎಲ್ಲಾರನ್ನೂ ಕರಸ್ರಿ ಸರ್.” ಮಹೇಶ ಹುಣಸಗಿಯ ಅಂಗಡಿಯಲ್ಲಿದ್ದ. ಮಂಚದ ಪಕ್ಕ ನಾನೊಬ್ಬನೇ. ಅವ್ವ ಕಣ್ಣು ತೆರೆದು, “ಮಾಸ್ತರ, ಆ ಚೀಟಿ ಹಾಳಾಗ್ಲಿ. ಮಗಳು ಬರ್ತಾಳೋ ಇಲ್ಲೋ, ಅದನ್ನ ಓದ್ರಿ” ಎಂದರು. ಬರುತ್ತಾಳೆ ಎಂದೆ.

ಆರಕ್ಕೆ ನಿನ್ನ ಫೋನ್ ಬಂತು. ಗುಣವಾಗುವ ಸಂಭವ ಸ್ವಲ್ಪ ಇದೆಯಂತೆ ಎಂದೆ. “ಸ್ವಲ್ಪ ಅಂದ್ರ ಎಷ್ಟ್ರೀ? ಈಗೇ ಬರ್ಲೇನು?” ಎಂದು ನೀನು ಕೇಳಿದೆ. ಅವಸರವಿಲ್ಲ, ಭಾನುವಾರ ಬಾ ಎಂದೆ. ಮಹೇಶನಿಗೂ ಅದನ್ನೇ ಹೇಳಿದೆ. ಶುಕ್ರವಾರ ಬೆಳಿಗ್ಗೆ ಅವ್ವ ಹೋದರು.

ಡಾಕ್ಟರು ಕರೆಸಿ ಎಂದದ್ದನ್ನು ನಾನು ನಿನಗೆ ಮುಟ್ಟಿಸಲಿಲ್ಲ. ಕಾರಣ ಹೇಳಿದರೆ ಸಣ್ಣದೆನಿಸುತ್ತದೆ. ಸಣ್ಣದೇ. ನೀನು ನನ್ನನ್ನು ಬಿಟ್ಟು ನಾರಾಯಣಪುರದ ಕ್ವಾರ್ಟರ್ಸಿಗೆ ಹೋಗಿ ಎರಡು ವರ್ಷ. ಆ ಎರಡು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವ್ವ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನದಲ್ಲಿ ಆಡಿದೆವು. ದಿನಾ ಆರಕ್ಕೆ ನೀನು “ಹೆಂಗದಾಳ್ರಿ ಅವ್ವ?” ಎನ್ನುತ್ತಿದ್ದೆ. ಫೋನ್ ಇಡುವ ಮುಂಚೆ, ಏನೋ ನೆನಪಾದಂತೆ, “ನೀವು ಉಂಡ್ರಿಲ್ಲೋ?” ಎನ್ನುತ್ತಿದ್ದೆ. ನೀನು ಬಂದು ಅವರ ಪಕ್ಕ ಕುಳಿತರೆ ಆರಕ್ಕೆ ಫೋನ್ ಬರುವುದಿಲ್ಲ. ನನಗೆ ಇನ್ನೂ ಕೆಲವು ಸಂಜೆಗಳು ಬೇಕಿದ್ದವು. ಸಿಕ್ಕಿದ್ದು ಒಂದು, ಗುರುವಾರದ್ದು. ಅವತ್ತು ನೀನು ‘ಉಂಡ್ರಿಲ್ಲೋ’ ಎಂದು ಕೇಳಲಿಲ್ಲ.

ಅವ್ವನನ್ನು ಮಣ್ಣು ಮಾಡಿದ ದಿನ ನೀನು ಎಲ್ಲರೆದುರು “ಅವರೇನ್ ಮಾಡ್ಯಾರು, ಚೀಟ್ಯಾಗ ಇದ್ದದ್ದು ಓದಿ ಹೇಳ್ಯಾರ” ಎಂದು ನನ್ನ ಪರ ನಿಂತೆ. ಎರಡು ವರ್ಷದಲ್ಲಿ ಮೊದಲ ಸಲ. ಚೀಟಿ ನನ್ನ ಜೇಬಿನಲ್ಲೇ ಇತ್ತು.

ಡಾಕ್ಟರ ಮೇಲೆ ದೂರು ಬೇಡ. ಕೊಡಲೇಬೇಕೆಂದರೆ ನನ್ನ ಹೆಸರು ಹಾಕು. ಆ ಅರ್ಜಿಗೆ ಇಂಗ್ಲಿಷ್ ಬೇಕಾಗುವುದಿಲ್ಲ.

ಇತಿ,
ಪಂಪಣ್ಣ

ತಾ.ಕ.: ಮಹೇಶನ ಬಳಿ ಇರುವುದು ಜೆರಾಕ್ಸ್. ಅದರಲ್ಲಿ ಎಲ್ಲ ಅಕ್ಷರವೂ ಒಂದೇ ಬಣ್ಣ. ಮೂಲ ಚೀಟಿ ಇದರೊಳಗಿಟ್ಟಿದ್ದೇನೆ, ಹಗಲು ಬೆಳಕಿನಲ್ಲಿ ನೋಡು. ಡಾಕ್ಟರು ಬರೆದದ್ದು ಕಪ್ಪು ಪೆನ್ನಿನಲ್ಲಿ. ‘ಲಿಟಲ್’ ಮುಂದಿನ ‘ಎ’ ಮಾತ್ರ ನೀಲಿ.