ತರುಲತಾ ನನಗೆ ಹೇಳಿದ ಕೊನೆಗಳು

ಜೆ.ಪಿ. ನಗರ, ಬೆಂಗಳೂರು
14 ಸೆಪ್ಟೆಂಬರ್ 2024

ಹರ್ಷಿದಾಳಿಗೆ ನಿನ್ನ ಭಾವ ಮಾಡುವ ಆಶೀರ್ವಾದ.

ರಾಜಕೋಟ್‌ನಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ. ಇಲ್ಲಿ ನಲ್ಲೀಲಿ ನೀರು ಬಿಟ್ಟಿಲ್ಲ, ಕಸದ ಗಾಡಿ ಬಂದಿಲ್ಲ, ಅದೆಲ್ಲ ನಿನಗ್ಯಾಕೆ. ಫೋನಿನಲ್ಲಿ ಹೇಳೋಕೆ ಹೋದರೆ ಮಾತು ಎಲ್ಲೆಲ್ಲೋ ಹೋಗುತ್ತೆ, ಅದಕ್ಕೇ ಬರೀತಿದ್ದೀನಿ. ಚಿಕ್ಕಪೇಟೆಯಲ್ಲಿದ್ದಾಗ ನಿಮ್ಮಪ್ಪ ಅಕ್ಕತಂಗಿ ಇಬ್ಬರನ್ನೂ ಕನ್ನಡ ಶಾಲೆಗೆ ಹಾಕಿದ್ದು ಒಳ್ಳೇದಾಯ್ತು, ಇದನ್ನ ನೀನೇ ಓದ್ಕೋಬಹುದು.

ವಿಷಯಕ್ಕೆ ಬರ್ತೀನಿ. ನಿನ್ನ ಅಕ್ಕ ತರು ಅರ್ಧಕ್ಕೇ ಬಿಟ್ಟು ಹೋದ ಕಾದಂಬರಿಗೆ ನೀನು ಕೊನೇ ಅಧ್ಯಾಯ ಬರೀಬೇಡ.

ಬರಿ ಅಂದೋನೂ ನಾನೇ, ನಿಜ. ತರು ಯಾವ ಕಥೆ ಬರೆದರೂ ಮೊದಲು ನನಗೆ ಕನ್ನಡದಲ್ಲಿ ಹೇಳ್ತಿದ್ದಳು, ಸಂಜೆ ಥೇಪ್ಲಾ ಮಾಡೋವಾಗ. ಅವಳು ಲಟ್ಟಿಸೋದು, ನಾನು ಕಾವಲಿ ಮೇಲೆ ಮಗುಚೋದು. ಬೆಳಿಗ್ಗೆ ಎದ್ದು ಗುಜರಾತಿಯಲ್ಲಿ ಬರೆಯೋಳು. ನನಗೆ ಆ ಲಿಪಿ ಒಂದಕ್ಷರ ಬರಲ್ಲ. ಆದರೂ ಅವಳು ಬರೆದದ್ದೆಲ್ಲ ಬಾಯಿಪಾಠ ಅಂತ ಪಾರ್ಕಿನಲ್ಲಿ ಹೇಳ್ಕೊಂಡು ಓಡಾಡಿದ್ದೀನಿ. ಈ ಕಾದಂಬರಿಯ ನಾಯಕಿ, ಸಿದ್ದಾಪುರದಲ್ಲಿ ಗರಿಗರಿ ಖಾಖ್ರಾ ರೊಟ್ಟಿ ಮಾಡಿ ಮಾರುವ ರೇವಾ, ಬಿಟ್ಟುಹೋದ ಗಂಡ ವಾಪಸ್ ಬಂದಾಗ ಬಾಗಿಲು ತೆಗೀತಾಳೆ, ಅದೇ ಕೊನೆ ಅಂತ ನಿನಗೂ ಧೈರ್ಯವಾಗಿ ಹೇಳಿದೆ.

ಭಾನುವಾರ ನೀನು ಅಕ್ಕನ ಶೈಲಿ ಹಿಡಿಯೋಕೆ ಅಂತ ಅವಳ ಹಳೇ ಕಥೆಯೊಂದನ್ನ ಫೋನಿನಲ್ಲಿ ಕನ್ನಡ ಮಾಡಿ ಓದಿದೆ. ಬಾವಿಗೆ ಹೋದ ಹುಡುಗಿ ವಾಪಸ್ ಬರಲೇ ಇಲ್ಲ. ಪುಟ ತಪ್ಪಿದೆ ಅಂತ ನಿನ್ನ ಮೇಲೆ ರೇಗಿದೆ. ನನಗೆ ಹೇಳಿದ ಕಥೇಲಿ ಅವಳು ಕೊಡ ತುಂಬಿಸ್ಕೊಂಡು, ಒದ್ದೆ ಸೆರಗು ಹಿಂಡ್ಕೊಂಡು ಮನೆಗೆ ಬಂದಿದ್ದಳು. ಇನ್ನೊಂದು ಓದಿಸಿದೆ, ಮತ್ತೊಂದು ಓದಿಸಿದೆ. ಒಂದರಲ್ಲೂ ನನಗೆ ಗೊತ್ತಿರೋ ಕೊನೆ ಇಲ್ಲ. ನೀನು ನಕ್ಕುಬಿಟ್ಟೆ. ಅಕ್ಕನ ಕಥೆ ಓದಿ ಊರ ಹೆಂಗಸರೆಲ್ಲ ಮೂಗು ಒರೆಸ್ಕೋತಿದ್ರೆ ನೀವೊಬ್ಬರು ಭಾವ, ಥೇಪ್ಲಾ ತಿಂದ್ಕೊಂಡು ಖುಷಿಯಾಗಿದ್ದೋರು ಅಂದೆ.

ಸಿನಿಮಾದಲ್ಲಿ ಯಾರಾದರೂ ಸತ್ತರೆ ಎದ್ದು ಹೊರಗೆ ಹೋಗೋ ಗಂಡಸು ನಾನು. ಕಥೆ ಕೇಳ್ತಾ ಕಾವಲಿ ಮೇಲೆ ನನ್ನ ಕೈ ನಿಂತರೆ ಸಾಕು, ತರು "ಗಾಬರಿ ಬೀಳ್ಬೇಡ್ರೀ, ಮನೆಗೆ ಬಂದ್ಳು ಅವ್ಳು" ಅನ್ನೋಳು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಕಥೆಗಾರರು ಹೀಗೆ ಬೇಕಾದ ಹಾಗೆ ಕೊನೆ ತಿರುಗಿಸೋದಕ್ಕೆ ಏನೋ ಹೆಸರು ಹೇಳಿದ್ದರು, ಪೊಯೆಟಿಕ್ ಜಸ್ಟಿಸ್ಸೋ ಪೊಯೆಟಿಕ್ ಲೈಸೆನ್ಸೋ, ಅರ್ಧ ಮರೆತಿದೆ.

ಹಾಗಾದ್ರೆ ರೇವಾ ಬಾಗಿಲು ತೆಗೆದದ್ದು ನನಗೋಸ್ಕರ. ಕಾದಂಬರೀಲಿ ಏನು ಮಾಡ್ತಿದ್ದಳೋ, ಅದು ತರು ಜೊತೆಗೇ ಹೋಯ್ತು. ಪ್ರಕಾಶಕರಿಗೆ ಹೇಳಿಬಿಡು, ಹಾಕಿದರೆ ಅರ್ಧವನ್ನೇ ಹಾಕಲಿ, ಇಲ್ಲ ಬಿಡಲಿ. ನನ್ನ ಸಮಾಧಾನಕ್ಕೆ ಹೇಳಿದ್ದನ್ನ ಅವಳ ಹೆಸರಿನಲ್ಲಿ ಅಚ್ಚು ಹಾಕಿಸಬೇಡ. ಅವಳನ್ನ ಓದಿದೋರಿಗೆ ತಕ್ಷಣ ಗೊತ್ತಾಗುತ್ತೆ. ಗೊತ್ತಾಗದೆ ಇದ್ದೋನು ನಾನೊಬ್ಬನೇ.

ಈಗ ಥೇಪ್ಲಾ ಅಂಗಡಿಯಿಂದ ತರ್ತೀನಿ. ಚೆನ್ನಾಗಿರಲ್ಲ.

ನಿನ್ನ ಭಾವ,
ಕರಿಬಸವಯ್ಯ

ಇನ್ನೊಂದು ಮಾತು. ಕೊನೇ ವಾರ ಆಸ್ಪತ್ರೆಯಲ್ಲಿ ನೀನು ಅವಳ ಪಕ್ಕದಲ್ಲೇ ಇದ್ದೆ, ಇಬ್ಬರೂ ಗುಜರಾತಿಯಲ್ಲೇ ಮಾತಾಡ್ತಿದ್ರಿ. ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ, ನೋವೇನೂ ಇಲ್ಲ ರೀ ಅಂತಿದ್ದಳು. ನಿನ್ನ ಹತ್ತಿರ ಏನು ಹೇಳಿದಳು? ಬರೆಯೋದಾದರೆ ಗುಜರಾತಿಯಲ್ಲೇ ಬರಿ, ನನಗೋಸ್ಕರ ಕನ್ನಡ ಮಾಡಬೇಡ.