ಮೂರು ದಿನದ ಸುಳ್ಳು

ಟ್ಯಾಮರಾಕ್ ಕೆರೆ, ವಿಸ್ಕಾನ್ಸಿನ್
ಭಾನುವಾರ

ಮೊಣಕಾಲೂ ಬಾಗದ, ಮಾತೂ ಬಾಗದ ನನ್ನ ಮುದುಕ ಆರ್ವಿಡ್‌ಗೆ,

ಮಂಗಳವಾರ ಟೌನ್ ಹಾಲಿನಲ್ಲಿ ನಾನು ನಿನಗೆ ಎದುರಾಗಿ ನಿಂತು ಮಾತಾಡುವವನಿದ್ದೇನೆ, ಬಂದೂಕು ಕೊಳ್ಳುವವರು ಮೂರು ದಿನ ಕಾಯಬೇಕೆಂಬ ಕಾಯ್ದೆ ಬರಲಿ ಅನ್ನುವವರ ಸಾಲಿನಲ್ಲಿ. ನಿನ್ನ ಬಂದೂಕಿನಂಗಡಿಯಲ್ಲಿ ಇಷ್ಟು ವರ್ಷ ಹೇಳಿದ್ದನ್ನೇ ನೀನು ಅಲ್ಲೂ ಹೇಳುತ್ತೀಯ: "ಕೊಲ್ಲೋನು ಕಾಯ್ದೆ ಓದ್ಕೊಂಡು ಕೊಲ್ತಾನೇನೋ ಕರ್ಟ್? ಬಂದೂಕು ಸಿಗ್ದಿದ್ರೆ ಕೊಡಲಿ ಹಿಡೀತಾನೆ." ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದವನೇ. ಅದಕ್ಕೇ ಊರಿಗೆ ಹೇಳುವ ಮೊದಲು ನಿನಗೆ ಹೇಳಬೇಕು.

ಆರು ವರ್ಷದ ಹಿಂದಿನ ಮಾರ್ಚ್. ಕಾಗದದ ಗಿರಣಿ ಮುಚ್ಚಿತ್ತು, ನನ್ನ ತಲೆಗೆ ಬೆಂಕಿ ಹಚ್ಚಿತ್ತು. (ಪ್ರಾಸದ ಚಟ, ಸಾಯುವ ಮಾತಿನಲ್ಲೂ ಬಿಡುವುದಿಲ್ಲ.) ಜಿಂಕೆ ಹೊಡೆಯುವ ಬಂದೂಕು ಮನೆಯಲ್ಲೇ ಇತ್ತು; ನಿನ್ನಲ್ಲಿ ನಾನು ಕೇಳಿದ್ದು ಒಂದೇ ಉಸಿರಿಗೆ ಮೂವತ್ತು ಗುಂಡು ಉಗುಳುವಂಥದ್ದನ್ನು. ನೀನು ಕನ್ನಡಕದ ಮೇಲಿಂದ ನೋಡಿದೆ. "ಜಿಂಕೆ ಹೊಡೀತೀಯೋ, ಖೀಮಾ ಮಾಡ್ತೀಯೋ?" ಅಂದೆ. ನಾನು ನಗಲಿಲ್ಲ. ಆಗ ನೀನು ಕಂಪ್ಯೂಟರಿನ ತಂತಿಯನ್ನು ಕಾಲಿನಿಂದಲೇ ಕಿತ್ತು, "ಹಾಳಾದ್ದು ಕೆಟ್ಟೋಯ್ತು. ಸರ್ಕಾರದ ತಪಾಸಣೆಗೆ ನಿನ್ನ ಅರ್ಜಿ ಕಳ್ಸೋಕಾಗಲ್ಲ, ಶನಿವಾರ ಬಾ. ಅಲ್ಲೀವರೆಗೂ ನನ್ನ ಗುಡಿಸಲು ಎಳಿ ಬಾರೋ, ಐಸು ಬಿಡ್ತಾ ಇದೆ" ಅಂದೆ. ತಂತಿ ಕಿತ್ತದ್ದನ್ನು ನಾನು ನೋಡಿದ್ದೆ. ನೋಡಿಲ್ಲವೆಂದುಕೊಂಡೆ.

ಮೀನು ಹಿಡಿಯಲು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೂಡಿದ ಗುಡಿಸಲುಗಳನ್ನೆಲ್ಲ ಐಸು ಕರಗುವ ಮೊದಲು ದಡಕ್ಕೆ ತರಬೇಕಲ್ಲ. ನಿನ್ನದು ಒಂದಡಿ ಐಸಿನಲ್ಲಿ ಕಚ್ಚಿ ಕೂತಿತ್ತು. ಮೂರು ದಿನ ಕಡಿದೆವು. ಕೊಡಲಿ ಮೊಂಡಾಯಿತು, ನಾನೂ. "ಸೋಂಬೇರಿ, ಗಿರಣೀಲಿ ಏನ್ ಮಾಡ್ತಿದ್ದೆ, ಕಾಗದದ ದೋಣಿನಾ?" ಅಂತ ನೀನು ಬೈದಾಗ ತಿಂಗಳಲ್ಲೇ ಮೊದಲ ಸಲ ನಕ್ಕೆ. ಶುಕ್ರವಾರದ ಬೆಳಿಗ್ಗೆ ಐಸಿನ ಮೇಲೇ ಕಳೆಯಿತು. ಶನಿವಾರ ನಾನು ಅಂಗಡಿಗೆ ಬರಲಿಲ್ಲ, ನೀನೂ ಕೇಳಲಿಲ್ಲ.

ನಾನು ನನಗೇ ಗುಂಡು ಹೊಡೆದುಕೊಳ್ಳುತ್ತೇನೆಂದು ನೀನು ಹೆದರಿದ್ದೆಯೇನೋ. ಅಷ್ಟೇ ಆಗಿದ್ದರೆ ಇಷ್ಟು ವರ್ಷ ಮುಚ್ಚಿಡುತ್ತಿರಲಿಲ್ಲ. ಆ ಶುಕ್ರವಾರ ಹತ್ತು ಗಂಟೆಗೆ ಗಿರಣಿಯ ಊಟದ ಕೋಣೆಯಲ್ಲಿ ಕಚೇರಿಯವರ ಕೊನೆಯ ಸಭೆಯಿತ್ತು. ನಾನು ಹೊರಟಿದ್ದು ಅಲ್ಲಿಗೆ. ಹನ್ನೊಂದು ಜನ. ನಿನ್ನ ಮಗಳು ಇಂಗ್ರಿಡ್ ಅಲ್ಲಿರುತ್ತಾಳೆಂದು ನನಗೆ ಗೊತ್ತಿತ್ತು.



ಕೊಡಲಿ ಹಿಡೀತಾನೆ ಅನ್ನುತ್ತೀಯಲ್ಲ, ಮೂರು ದಿನ ನನ್ನ ಕೈಯಲ್ಲಿದ್ದದ್ದು ಕೊಡಲಿಯೇ. ಒಡೆದದ್ದು ಐಸು ಮಾತ್ರ. ಕಾಯ್ದೆ ಎಲ್ಲರನ್ನೂ ತಡೆಯುತ್ತದೆಂದು ಆಣೆ ಇಡಲಾರೆ. ವರ್ಷಗಟ್ಟಲೆ ಹೊಂಚುವವರೂ ಇದ್ದಾರೆ. ನನ್ನ ಕೋಪಕ್ಕಂತೂ ಮೂರು ದಿನದ ಆಯುಸ್ಸಿರಲಿಲ್ಲ. ಎಲ್ಲ ಕೌಂಟರಿನ ಹಿಂದೆಯೂ ಒಬ್ಬ ಆರ್ವಿಡ್ ಇರುವುದಿಲ್ಲ, ಮಾರಾಯ. ನೀನು ಹೇಳಿದ ಸುಳ್ಳನ್ನೇ ಎಲ್ಲ ಅಂಗಡಿಯವರೂ ಹೇಳಲಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಇಂಗ್ರಿಡ್‌ಗೆ ನಾಳೆ ನಾನೇ ಹೇಳುತ್ತೇನೆ. ಆಮೇಲೆ ನಿಮ್ಮ ಬಾಗಿಲು ನನಗೆ ಮುಚ್ಚಿದರೆ, ಅದೇ ನ್ಯಾಯ. ಅವಳ ಮಗಳಿಗೆ ಈಗ ನಾಲ್ಕು ವರ್ಷ. ನನ್ನ ಕಂಡಾಗಲೆಲ್ಲ "ಕರ್ಟ್ ಮಾವಾ, ಎತ್ಕೋ" ಅನ್ನುತ್ತಾಳೆ. ಎತ್ತಿಕೊಳ್ಳುತ್ತೇನೆ.

ಆ ಮಗು ನೂರು ವರ್ಷ ಬಾಳಲಿ. ಅವಳ ಮದುವೆಯಲ್ಲಿ ಕುಣಿಯುವಷ್ಟು ಕಾಲ ನೀನೂ ಇರು.

ನಿನ್ನ ಸುಳ್ಳಿನಿಂದ ಮನುಷ್ಯನಾಗಿ ಉಳಿದ,
ಕರ್ಟ್