ಅಪ್ಪನ ಎಡಗಡೆ

ಮನೆಯಿಂದ,
ಮಾರ್ಚ್ ಹನ್ನೊಂದು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಲಾರಿ ಓಡಿಸುವ ಭರದಲ್ಲಿ ಊಟ ಬಿಡಬೇಡ. ಅಪ್ಪನ ಮೇಲಿನ ಕೋಪಕ್ಕೆ ನೀನು ನನ್ನ ಫೋನನ್ನೂ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಅಮ್ಮ ತಾನು ಚೆನ್ನಾಗಿದ್ದೇನೆಂದು ಬರೆಯಲು ಹೇಳಿದಳು. ಬರೆದಿದ್ದೇನೆ, ನಂಬುವುದು ನಿನಗೆ ಬಿಟ್ಟಿದ್ದು. ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದೆವು. ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ಅಂಗಡಿಯ ಕೋಣೆಯಲ್ಲೇ ಮಂಚ ಹಾಕಿದ್ದೇವೆ. ಹೊಸ ಬಟ್ಟೆಯ ವಾಸನೆ ಇಲ್ಲದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

ಮಾತು ಸ್ಪಷ್ಟವಾಗಿದೆ, ಬೈಗುಳವೂ ಮೊದಲಿನ ಹಾಗೇ. ಆದರೆ ಎಡಗೈ, ಎಡಗಾಲು ಏಳುವುದಿಲ್ಲ. ತಟ್ಟೆಯ ಬಲಗಡೆ ಇದ್ದದ್ದನ್ನಷ್ಟೇ ತಿಂದು, "ಇಷ್ಟೇನಾ ಹಾಕೋದು?" ಎಂದು ಅಮ್ಮನ ಮೇಲೆ ರೇಗುತ್ತಾರೆ. ಅವಳು ತಟ್ಟೆ ತಿರುಗಿಸಿಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಮೊನ್ನೆ ಬಲಗೈಗೆ ಎಡಗೈ ತಾಗಿದಾಗ, "ಯಾರೋ ಅವರ ಕೈ ನನ್ನ ಹಾಸಿಗೇಲಿ ಬಿಟ್ಟು ಹೋಗಿದಾರೆ ಕಣೇ" ಎಂದರು. "ಕೇಳ್ಕೊಂಡು ಬಂದ್ರೆ ಕೊಟ್ಟು ಕಳಿಸೋಣ, ಈಗ ಸುಮ್ನೆ ಮಲಗಿ" ಎಂದ ಅಮ್ಮ ಅಡುಗೆಮನೆಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು. ನಿನ್ನೆ ಸೀಮೆಸುಣ್ಣ ಕೇಳಿದರು. ಬಟ್ಟೆ ಹಾಸಿಕೊಟ್ಟೆ. ಅಂಗಿಯ ಬಲ ತೋಳು, ಬಲ ಭುಜಕ್ಕೆ ಗೆರೆ ಎಳೆದು ಮುಗಿಯಿತು ಎಂದರು. ಯಾರದು ಎಂದು ಕೇಳಿದರೆ, "ದೊಡ್ಡವಂದು. ಅವನ ಅಳತೆ ನಂಗೆ ಬಾಯಿಪಾಠ" ಎಂದರು.

ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಯಾವುದು ಕಟ್ಟಿಕೊಂಡಿತೋ ಅದಕ್ಕೆ ತಕ್ಕ ಪೆಟ್ಟು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮುಂದಿನದಾದರೆ ಕಾಲು ಸೋಲುತ್ತದೆ, ಹಿಂದಿನದಾದರೆ ನೋಟ ಅರ್ಧವಾಗುತ್ತದೆ. ಎಡಗಡೆಯ ನಡುವಿನದಾದರೆ ಎಷ್ಟೋ ಜನರಿಗೆ ಬಲಗೈ ಜೊತೆ ಮಾತೂ ಹೋಗುತ್ತದಂತೆ. ಅಪ್ಪನಿಗೆ ಕಟ್ಟಿದ್ದು ಬಲಗಡೆಯ ನಡುವಿನ ನಾಳ. "ಕಣ್ಣು ಸರಿ ಇದೆ, ಕಿವಿ ಸರಿ ಇದೆ. ಎಡಗಡೆ ಅಂತ ಒಂದಿದೆ ಅನ್ನೋದೇ ಮಿದುಳಿಗೆ ಮರೆತುಹೋಗಿದೆ" ಎಂದರು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟವಂತೆ.

ಅಮ್ಮ ನಿನ್ನನ್ನು ಹರಸಿದ್ದಾಳೆ. ಮೈ ಕಡೆ ಜೋಪಾನ.

ನಿನ್ನ ತಂಗಿ,
ಬಾಲಂಗೋಚಿ

ಇನ್ನೊಂದು ಮಾತು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆಸ್ಪತ್ರೆಗೆ ಬಂದ ದಿನ ನೀನು ಕಿಟಕಿಯ ಬಳಿ ನಿಂತು "ಅಪ್ಪಾ" ಎಂದೆ. ಅವರು ಗೋಡೆಯತ್ತ ಮುಖ ತಿರುಗಿಸಿದರು. ನೀನು ಕತ್ತರಿ ಬಿಟ್ಟು ಲಾರಿ ಹತ್ತಿದಾಗ "ಇನ್ನು ನಿನ್ನ ಮುಖ ನೋಡಲ್ಲ" ಎಂದಿದ್ದರಲ್ಲ, ಅದನ್ನೇ ಸಾಧಿಸಿದರು ಎಂದುಕೊಂಡು ನೀನು ಹೊರಟುಹೋದೆ. ನಾನೂ ಹಾಗೇ ಅಂದುಕೊಂಡೆ. ಅಣ್ಣಾ, ಕಿಟಕಿ ಇದ್ದದ್ದು ಅವರ ಎಡಗಡೆ. ಎಡಗಡೆಯಿಂದ ಕರೆದರೂ ಇಂಥವರು ಬಲಕ್ಕೇ ತಿರುಗಿ ಹುಡುಕುತ್ತಾರಂತೆ. ಅಪ್ಪ ಆ ಗೋಡೆಯ ಮೇಲೆ ನಿನ್ನನ್ನು ಹುಡುಕುತ್ತಿದ್ದರು. ಇವತ್ತು ಮಂಚ ತಿರುಗಿಸಿದೆವು. ಈಗ ಬಾಗಿಲು ಅವರ ಬಲಕ್ಕಿದೆ. ಸದ್ದಾದಾಗಲೆಲ್ಲ ನೋಡುತ್ತಾರೆ. ಬೇಗ ಬಾ.